ನೀಲಗಿರಿ ಕಡ್ಡಿ ಬೇರು ಬಿಡದಿದ್ದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಪುಣೆ ಹತ್ತಿರ ಉರುಳಿ ಕಾಂಚನ್‌ನಲ್ಲಿ ನಮ್ಮದೊಂದು ಸಣ್ಣ ನರ್ಸರಿ. ಬೀಜದಿಂದ ಬೆಳೆದ ಆರು ನೀಲಗಿರಿ ಮರ ಕಡಿದು, ಬೊಡ್ಡೆಯ ಚಿಗುರಿನಿಂದ ಕಡ್ಡಿ ಹಾಕಿದ್ದೇವೆ. ಒಂದೇ ಮಿಸ್ಟ್ ಚೇಂಬರು (ಮಂಜಿನಂತೆ ನೀರು ಸಿಂಪಡಿಸುವ ಕೋಣೆ), ಒಂದೇ ಐಬಿಎ (ಬೇರು ಬರಿಸುವ ಹಾರ್ಮೋನು) ಪುಡಿ. ಎರಡು ಮರದ ಕಡ್ಡಿಗಳು ಚೆನ್ನಾಗಿ ಬೇರು ಬಿಟ್ಟಿವೆ. ಒಂದು ಮರದವಕ್ಕೆ ಬುಡದಲ್ಲಿ ಬಿಳಿ ಗಂಟು ಬಂದಿದೆ, ಬೇರಿಲ್ಲ. ಪುಡಿಯ ಪ್ರಮಾಣ ಏರಿಸೋಣವೇ?

ಉತ್ತರ: ಏರಿಸಬೇಡಿ. ಆ ಗಂಟು ಕ್ಯಾಲಸ್, ಅಂದರೆ ಗಾಯ ಮಾಯಿಸುವ ಅಂಗಾಂಶ. ಅದು ಬಂತೆಂದರೆ ಬೇರೂ ಬಂದೇ ಬರುತ್ತದೆ ಎಂದುಕೊಳ್ಳುವಂತಿಲ್ಲ. ಬೇರಿನ ಮೊಳಕೆ ಹುಟ್ಟುವುದು ಸಾಮಾನ್ಯವಾಗಿ ಒಳಗೆ, ಕೇಂಬಿಯಂ (ತೊಗಟೆಗೂ ಕಟ್ಟಿಗೆಗೂ ನಡುವಿನ ಬೆಳೆಯುವ ಪದರ) ಆಸುಪಾಸಿನ ಕೋಶಗಳಲ್ಲಿ. ಚಿಗುರಿನಿಂದ ಇಳಿದ ಆಕ್ಸಿನ್ ಎಂಬ ಹಾರ್ಮೋನು ಬುಡದಲ್ಲಿ ಶೇಖರವಾಗಬೇಕು, ಅಲ್ಲಿನ ಕೋಶಗಳು ಅದಕ್ಕೆ ಓಗೊಡಬೇಕು. ನಿಮ್ಮ ಪುಡಿ (ಐಬಿಎಯೂ ಒಂದು ಆಕ್ಸಿನ್) ಮೊದಲನೆಯದಕ್ಕೆ ನೆರವಾಗುತ್ತದೆ, ಎರಡನೆಯದು ಜೀನ್‌ಗಳ ಪಾಲು. ಅರಾಬಿಡಾಪ್ಸಿಸ್ ಎಂಬ ಪ್ರಯೋಗದ ಗಿಡದಲ್ಲಿ ಎಆರ್‌ಎಫ್6, ಎಆರ್‌ಎಫ್8 ಜೀನ್‌ಗಳು ಬೇರಿಗೆ ಒತ್ತಾಸೆಯಾದರೆ ಎಆರ್‌ಎಫ್17 ಅಡ್ಡಗಾಲು ಹಾಕುತ್ತದೆ. ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನಿನ ಪ್ರಭಾವ ಹೆಚ್ಚಾದರೂ ಬೇರು ಹಿಂಜರಿಯುತ್ತದೆ. ಪುಡಿ ವಿಪರೀತವಾದರೆ ಗಂಟು ಇನ್ನಷ್ಟು ದಪ್ಪವಾಗಿ, ಬುಡ ಕಪ್ಪಾಗಿ, ಎಲೆ ಉದುರುತ್ತದೆ.

ನೀಲಗಿರಿಯಲ್ಲಿ ಪರಪರಾಗಸ್ಪರ್ಶವೇ (ಬೇರೆ ಮರದ ಪರಾಗದಿಂದ ಬೀಜ ಕಟ್ಟುವುದೇ) ಹೆಚ್ಚು. ಹಾಗಾಗಿ ಬೀಜದ ಮರಗಳು ಒಂದೇ ಸಾಲಿನಲ್ಲಿದ್ದರೂ ಗುಣ ಬೇರೆ ಬೇರೆ. ಬೇರು ಬಿಡುವ ಶಕ್ತಿ ಒಂದೇ ಜೀನ್‌ನ ಕೈಯಲ್ಲೂ ಇಲ್ಲ. ನೀಲಗಿರಿಯ ಗ್ರಾಂಡಿಸ್ ಮತ್ತು ಯೂರೋಫಿಲ್ಲ ಜಾತಿಗಳ ಮಿಶ್ರಸಂತತಿಯ ಮೇಲೆ 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲೇ ಇದಕ್ಕೆ ಸಂಬಂಧಿಸಿದ ಹಲವು ವರ್ಣತಂತು ಭಾಗಗಳು ಸಿಕ್ಕಿದ್ದವು.

ಮರದ ದೋಷವೋ ಚೇಂಬರಿನ ದೋಷವೋ ತಿಳಿಯಲು ಹೀಗೆ ಮಾಡಿ. ಪ್ರತಿ ಮರದಿಂದ 30 ಕಡ್ಡಿಯಂತೆ, ಬೇರೆ ಬೇರೆ ವಾರಗಳಲ್ಲಿ ಮೂರು ಸಲ ಹಾಕಿ. ಪ್ರತಿ ಸಲ 15ಕ್ಕೆ 4000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 4000 ಭಾಗ ಐಬಿಎ ಇರುವ) ಪುಡಿ, 15ಕ್ಕೆ ಬರೀ ಟಾಲ್ಕ್ (ಮೆದು ಕಲ್ಲಿನ ನುಣುಪು ಪುಡಿ). 400 ಮಿಲಿಗ್ರಾಂ ಐಬಿಎಯನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿ, 100 ಗ್ರಾಂ ಟಾಲ್ಕ್‌ನಲ್ಲಿ ಚೆನ್ನಾಗಿ ಕಲಸಿ, ನೆರಳಲ್ಲಿ ಒಣಗಿಸಿದರೆ ಈ ಪುಡಿ ಸಿದ್ಧ (ಹತ್ತಿರ ಒಲೆ ಇರಬಾರದು). ಒಂದು ಮರದ ಕಡ್ಡಿಗಳನ್ನೆಲ್ಲ ಒಂದೇ ಮೂಲೆಗೆ ಇಡಬೇಡಿ. ಪುಣೆಯ ಬೇಸಿಗೆ ಗಾಳಿಗೆ ಬಾಗಿಲ ಬಳಿಯ ಟ್ರೇ ಮೊದಲು ಒಣಗುತ್ತದೆ, ಅಪವಾದ ಮರದ ಮೇಲೆ ಬರುತ್ತದೆ. 30ನೇ ದಿನ ಬೇರು ಬಿಟ್ಟಿದ್ದು, ಗಂಟು ಮಾತ್ರ ಕಟ್ಟಿದ್ದು, ಕೊಳೆತದ್ದು ಎಂದು ಬೇರೆ ಬೇರೆ ಎಣಿಸಿ. ಒಂದು ಸಲ ಎಲ್ಲ ಮರದವೂ ಸೋತಿದ್ದರೆ ತಪ್ಪು ಚೇಂಬರಿನದು. ಮೂರು ಸಲವೂ ಒಂದೇ ಮರ ಸೋತರೆ, ಎಷ್ಟೇ ನೆಟ್ಟಗಿರಲಿ, ಅದನ್ನು ಕೈಬಿಡಿ. ಬರೀ ಟಾಲ್ಕ್‌ನಲ್ಲೂ ಬೇರು ಬಿಟ್ಟ ಮರವೇ ನಿಮ್ಮ ಬಂಡವಾಳ.

ಪ್ರಶ್ನೆ: ಗೋವಾದ ಫೋಂಡಾದಲ್ಲಿದ್ದೇವೆ. ದೊಡ್ಡ ಮರದ ಮೇಲಿನ ಕೊಂಬೆಯ ಕಡ್ಡಿ ಒಂದೂ ಹತ್ತಲಿಲ್ಲ. ಅದೂ ತಳಿಯ ದೋಷವೇ?

ಉತ್ತರ: ಇರಲಾರದು, ವಯಸ್ಸಿನದು. ಜೀನ್‌ಗಳು ಅವೇ ಇದ್ದರೂ ತುದಿಯ ಕೊಂಬೆ ಪ್ರೌಢವಾಗಿರುತ್ತದೆ, ಬೊಡ್ಡೆಯ ಚಿಗುರಿನಲ್ಲಿ ಎಳೆತನ ಉಳಿದಿರುತ್ತದೆ. ಎಳೆತನ ಕಾಯುವ ಮೈಆರ್‌156 ಎಂಬ ಪುಟ್ಟ ಆರ್‌ಎನ್‌ಎ ಕಡಿಮೆಯಾಗುವುದೇ ಕಾರಣವಿರಬಹುದೆಂದು ವಿಜ್ಞಾನಿಗಳು ಊಹಿಸಿದ್ದರು. ಗ್ರಾಂಡಿಸ್‌ನಲ್ಲಿ ಪರೀಕ್ಷಿಸಿದಾಗ ಬೇರಿಗೂ ಅದಕ್ಕೂ ನೇರ ನಂಟು ಕಾಣಲಿಲ್ಲ.

ಬುಡದಿಂದ ಮೊಣಕಾಲೆತ್ತರದೊಳಗೆ ಕಡಿದು, 45-60 ದಿನದ ಚಿಗುರು ಬಳಸಿ. ಬೆಳಿಗ್ಗೆ ಕತ್ತರಿಸಿ ನೇರ ನೀರಿನ ಬಕೆಟ್ಟಿಗೆ ಹಾಕಿ. ಕಡ್ಡಿ 8-10 ಸೆಂ.ಮೀ. ಇದ್ದು, ಒಂದು ಜೊತೆ ಎಲೆ ಇರಲಿ, ಎಲೆಯನ್ನು ಅರ್ಧಕ್ಕೆ ಕತ್ತರಿಸಿ. ಪೂರ್ತಿ ತೆಗೆದರೆ ಕಡ್ಡಿಗೆ ಊಟವಿಲ್ಲ, ಪೂರ್ತಿ ಬಿಟ್ಟರೆ ನೀರೆಲ್ಲ ಹಾರಿಹೋಗುತ್ತದೆ. ಲೀಟರಿಗೆ 1 ಗ್ರಾಂ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕದ ದ್ರಾವಣದಲ್ಲಿ ಅದ್ದಿ, ನೀರು ಬಸಿದ ಮೇಲೆ ಬುಡಕ್ಕೆ ಪುಡಿ ಮುಟ್ಟಿಸಿ, ವರ್ಮಿಕ್ಯುಲೈಟ್ (ನೀರು ಹಿಡಿಯುವ ಹಗುರ ಖನಿಜ) ತುಂಬಿದ, ಉದ್ದನೆಯ ಕಪ್ಪಿನಂಥ ರೂಟ್ ಟ್ರೇನರ್‌ನಲ್ಲಿ ನೆಡಿ. ನಿಮ್ಮಲ್ಲಿ ಮಳೆಗಾಲದಲ್ಲಿ ತೇವಕ್ಕೆ ಬರವಿಲ್ಲ. ಕಾಟ ಕೊಳೆಯದು, ಮಿಸ್ಟ್ ಕಡಿಮೆ ಮಾಡಿ.

ಪ್ರಶ್ನೆ: ಮುಂಬೈನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದೇನೆ. ಡಿಎನ್‌ಎ ಪರೀಕ್ಷೆಯಿಂದಲೇ ಬೇರು ಬಿಡುವ ಮರ ಆರಿಸಲಾಗದೇ?

ಉತ್ತರ: ಗ್ರಾಂಡಿಸ್‌ನ ಜೀನೋಮ್ (ಪೂರ್ಣ ಡಿಎನ್‌ಎ ಪಟ್ಟಿ) 2014ರಲ್ಲೇ ಪ್ರಕಟವಾಗಿದೆ, 11 ಜೊತೆ ವರ್ಣತಂತುಗಳು. ಆದರೆ ಒಂದು ಸಂತತಿಯಲ್ಲಿ ಸಿಕ್ಕ ಡಿಎನ್‌ಎ ಗುರುತು ಇನ್ನೊಂದರಲ್ಲಿ ಕೆಲಸ ಮಾಡುತ್ತದೆಂಬ ಖಾತರಿ ಇಲ್ಲ. ಜಾತಿಯೂ ಮುಖ್ಯ: ಊಟಿ ಕಡೆಯ ಗ್ಲೋಬ್ಯುಲಸ್ ಹಟಮಾರಿ, ಯೂರೋಫಿಲ್ಲ ಸಲೀಸು. ಸಣ್ಣ ನರ್ಸರಿಯ ಮಟ್ಟಿಗೆ ಮೇಲೆ ಹೇಳಿದ ಟ್ರೇ ಪರೀಕ್ಷೆಯೇ ಅಗ್ಗ. ಅದು ಬೇರಿನ ಮಾತು ಮಾತ್ರ ಹೇಳುತ್ತದೆ. ಬೆಳವಣಿಗೆ ಮತ್ತು ಗಂಟುಕಣಜದ (ಎಲೆ, ಚಿಗುರಿನಲ್ಲಿ ಗಂಟು ಎಬ್ಬಿಸುವ ಪುಟ್ಟ ಕೀಟದ) ಕಾಟವನ್ನು ಹೊಲದಲ್ಲಿ ನೆಟ್ಟೇ ನೋಡಬೇಕು.