ಸಂಪಾದಕರ ಉತ್ತರ: ಡೇನಿಯಲ್ ಬೂನ್ ಮತ್ತು ಅವನ ಮನೆಯವರು

ಶಿರಸಿಯ ನಿವೃತ್ತ ಮೇಷ್ಟ್ರೊಬ್ಬರು ಬರೆದ ಪತ್ರದ ಸಾರ ಇದು: “ಮಗಳು, ಅಳಿಯ ಅಮೆರಿಕದ ಕೆಂಟಕಿಯಲ್ಲಿದ್ದಾರೆ. ಮೊಮ್ಮಗನ ಶಾಲೆಯಲ್ಲಿ ಡೇನಿಯಲ್ ಬೂನ್ ಎಂಬುವನ ಪಾಠ ಆಯಿತಂತೆ. ಹುಡುಗ ಬಾಲವಿರುವ ತುಪ್ಪಳದ ಟೋಪಿ ಹಾಕಿಕೊಂಡು ಫೋಟೋ ಕಳಿಸಿದ್ದಾನೆ. ನಾನೂ ಒಂದಿಷ್ಟು ಓದಿ ನೋಡಿದೆ. ಒಬ್ಬರು ಮಹಾವೀರ ಅಂತಾರೆ. ಇನ್ನೊಬ್ಬರು ಮೂಲನಿವಾಸಿಗಳ ನೆಲ ಕಿತ್ತುಕೊಂಡವನು ಅಂತಾರೆ. ಮತ್ತೊಬ್ಬರು ತನ್ನವರನ್ನೇ ಶತ್ರುಗಳಿಗೆ ಒಪ್ಪಿಸಿದವನು ಅಂತಾರೆ. ಹೆಂಡತಿ ಮಕ್ಕಳ ವಿಷಯ ಮಾತ್ರ ಯಾರೂ ಸರಿಯಾಗಿ ಹೇಳುವುದಿಲ್ಲ. ಸಮಾಧಿಯೂ ಎರಡು ಕಡೆ ಇದೆಯಂತೆ. ಹುಡುಗನಿಗೆ ಏನು ಹೇಳಲಿ?”

ಮೇಷ್ಟ್ರೇ, ಮೊದಲು ಟೋಪಿಯ ವಿಷಯ ಮುಗಿಸಿಬಿಡೋಣ. ಬೂನ್ ಅಂದರೆ ಹದಿನೆಂಟನೇ ಶತಮಾನದಲ್ಲಿ ಬೆಟ್ಟ ದಾಟಿ ಕೆಂಟಕಿಗೆ ಬಿಳಿಯ ವಲಸಿಗರ ದಾರಿ ಕಡಿದ ಬೇಟೆಗಾರ. ಅವನು ಬಾಲದ ಟೋಪಿ ಹಾಕುತ್ತಿರಲಿಲ್ಲ. ಅವನದು ಅಗಲ ಅಂಚಿನ ಫೆಲ್ಟ್ ಹ್ಯಾಟು. ತುಪ್ಪಳದ ಟೋಪಿಯನ್ನು ಅವನ ತಲೆಗೆ ಏರಿಸಿದ್ದು ಆಮೇಲಿನ ನಾಟಕ, ಟಿವಿಗಳು. ಆದರೆ ನೀವು ಹೆಂಡತಿ ಮಕ್ಕಳ ಬಗ್ಗೆ ಕೇಳಿದ್ದೀರಲ್ಲ, ಅದೇ ನಿಜವಾದ ಪ್ರಶ್ನೆ. ಬೂನ್ ಕಥೆಯನ್ನು ಅವನ ಬಂದೂಕಿನ ಹಿಂದೆ ಹೋಗಿ ಓದಿದರೆ ಅರ್ಧವೇ ಸಿಗುತ್ತದೆ. ಅವನ ಹೆಂಡತಿ ರೆಬೆಕ್ಕಾಳ ಹೊಸ್ತಿಲ ಮೇಲೆ ನಿಂತು ನೋಡಿದರೆ ಉಳಿದರ್ಧವೂ ಕಾಣುತ್ತದೆ. ನಾನು ಅಲ್ಲಿಂದಲೇ ಹೇಳುತ್ತೇನೆ.

ಬೂನ್ ಹುಟ್ಟಿದ್ದು 1734ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ. ಹನ್ನೊಂದು ಮಕ್ಕಳಲ್ಲಿ ಆರನೆಯವನು. ತಂದೆ ಸ್ಕ್ವೈರ್ ಬೂನ್ ಇಂಗ್ಲೆಂಡಿನ ಡೆವನ್ ಕಡೆಯಿಂದ ಬಂದವನು. ನೇಯ್ಗೆ, ಕಮ್ಮಾರಿಕೆ ಎರಡೂ ಗೊತ್ತಿತ್ತು. ಅವರದು ಕ್ವೇಕರ್ ಪಂಥದ ಮನೆತನ. ಯುದ್ಧ ಬೇಡ, ಪಂಥದಾಚೆ ಮದುವೆ ಬೇಡ ಎನ್ನುವ ಜನ. ಮೊದಲು ಮಗಳು ಹೊರಗಿನವನನ್ನು ಮದುವೆಯಾದಳು. ಆಗ ತಂದೆ ಸಭೆಯ ಮುಂದೆ ತಪ್ಪೊಪ್ಪಿಕೊಂಡ. ಕೆಲವು ವರ್ಷ ಬಿಟ್ಟು ದೊಡ್ಡ ಮಗನೂ ಹಾಗೇ ಮಾಡಿದ. ಈ ಸಲ ತಂದೆ ಮಗನ ಪರ ನಿಂತ. ಅವನನ್ನು ಪಂಥದಿಂದ ಹೊರಹಾಕಿದರು. 1750ರಲ್ಲಿ ಸಂಸಾರ ಸಮೇತ ದಕ್ಷಿಣಕ್ಕೆ ಹೊರಟು, ಉತ್ತರ ಕೆರೊಲಿನಾದ ಯಾಡ್ಕಿನ್ ನದಿ ಕಣಿವೆಯಲ್ಲಿ ನೆಲೆಯಾದರು.

ಡೇನಿಯಲ್ ಮೊದಲು ಯುದ್ಧಕ್ಕೆ ಹೋದದ್ದು 1755ರಲ್ಲಿ, ಬ್ರಿಟಿಷ್ ಜನರಲ್ ಬ್ರಾಡಕ್‌ನ ದಂಡಿನಲ್ಲಿ ಸಾಮಾನಿನ ಬಂಡಿ ಹೊಡೆಯುವವನಾಗಿ. ಜುಲೈ 9ರಂದು ಮೊನಾಂಗಹೇಲಾ ನದಿ ಹತ್ತಿರ ಫ್ರೆಂಚರೂ ಮೂಲನಿವಾಸಿಗಳೂ ಸೇರಿ ಆ ದಂಡನ್ನು ಪುಡಿಗಟ್ಟಿದರು. ಬೂನ್ ಬಂಡಿಯ ಹಗ್ಗ ಕೊಯ್ದು, ಕುದುರೆ ಏರಿ ಜೀವ ಉಳಿಸಿಕೊಂಡ. ಅದೇ ದಂಡಿನಲ್ಲಿ ಜಾನ್ ಫಿಂಡ್ಲಿ ಎಂಬ ವ್ಯಾಪಾರಿ ಇದ್ದ. ಬೆಟ್ಟಗಳಾಚೆಯ ಕೆಂಟಕಿಯ ವಿಷಯವನ್ನು ಬೂನ್ ಕಿವಿಗೆ ಹಾಕಿದವನು ಅವನೇ. ಮರುವರ್ಷ ಆಗಸ್ಟ್‌ನಲ್ಲಿ ಬೂನ್ ಪಕ್ಕದ ಬ್ರಯನ್ ಮನೆತನದ ರೆಬೆಕ್ಕಾಳನ್ನು ಮದುವೆಯಾದ. ಆಕೆಗೆ ಆಗ ಹದಿನೇಳು.

ಮದುವೆಯಾದ ಹೊಸದರಲ್ಲೇ ಆ ಹುಡುಗಿಯ ಮನೆಯಲ್ಲಿ ಬೂನ್‌ನ ತೀರಿಹೋದ ಅಣ್ಣನ ಇಬ್ಬರು ಮಕ್ಕಳಿದ್ದರು. ಆಮೇಲೆ ಆಕೆಗೇ ಹತ್ತು ಮಕ್ಕಳಾದವು. ತಾಯಿ ಕಳೆದುಕೊಂಡ ತವರಿನ ಆರು ಮಕ್ಕಳನ್ನೂ ಸಾಕಿದಳು. ಗಂಡ ಶರತ್ಕಾಲಕ್ಕೆ ಬೇಟೆಗೆ ಹೋದರೆ ವಾಪಸ್ ಬರುತ್ತಿದ್ದದ್ದು ವಸಂತದಲ್ಲಿ. ಜಿಂಕೆ ಚರ್ಮವೇ ಆ ಕಾಲದ ದುಡ್ಡು. ಅದನ್ನು ತರಲು ಹೋದ ಗಂಡ ಬರುವ ತನಕ ಹಸು, ಜೋಳ, ಅಗಸೆ ನಾರಿನ ನೂಲು, ನೇಯ್ಗೆ, ಅಂಗಡಿ ಸಾಲ ಎಲ್ಲ ಆಕೆಯ ತಲೆ ಮೇಲೆ. 1765ರಲ್ಲಿ ಬೂನ್ ಫ್ಲೋರಿಡಾದವರೆಗೂ ಹೋಗಿ ಅಲ್ಲೇ ನೆಲೆಸೋಣ ಎಂದು ಬಂದ. ರೆಬೆಕ್ಕಾ ಆಗೋದಿಲ್ಲ ಎಂದಳು. ಅವರು ಹೋಗಲಿಲ್ಲ. ಈ ಒಂದು ಸಂಗತಿ ನನಗೆ ಬಹಳ ಮುಖ್ಯ ಅನಿಸುತ್ತದೆ. ಆಕೆ ಸುಮ್ನೆ ಬೆನ್ನ ಹಿಂದೆ ನಡೆದವಳಲ್ಲ.

1769ರ ಮೇ ತಿಂಗಳಲ್ಲಿ ಕೆಂಟಕಿಗೆ ಹೊರಟ ಬೂನ್ ಎರಡು ವರ್ಷ ಮನೆಗೆ ಬರಲಿಲ್ಲ. ಆ ಡಿಸೆಂಬರ್‌ನಲ್ಲಿ ಶಾನಿ ಎಂಬ ಮೂಲನಿವಾಸಿ ಜನ ಅವನನ್ನು ಹಿಡಿದು, ಕೂಡಿಟ್ಟ ಚರ್ಮವನ್ನೆಲ್ಲ ಕಸಿದುಕೊಂಡು, ಇದು ನಮ್ಮ ಬೇಟೆಯ ನೆಲ, ಮತ್ತೆ ಬರಬೇಡ ಎಂದು ಹೇಳಿ ಬಿಟ್ಟರು. ಈ ಮಾತನ್ನು ನಿಮ್ಮ ಮೊಮ್ಮಗನಿಗೆ ಖಂಡಿತ ಹೇಳಿ. ನೆಲ ಯಾರದು ಅನ್ನುವುದು ಬೂನ್‌ಗೆ ಗೊತ್ತಿರಲಿಲ್ಲ ಅಂತಲ್ಲ. ಶುರುವಿನಲ್ಲೇ ಅವನಿಗೆ ತಿಳಿಸಿದ್ದರು.

ಆದರೂ 1773ರಲ್ಲಿ ಹೆಂಡತಿ ಮಕ್ಕಳನ್ನೂ ಸುಮಾರು ಐವತ್ತು ಜನರನ್ನೂ ಕಟ್ಟಿಕೊಂಡು ಅಲ್ಲೇ ನೆಲೆಸಲು ಹೊರಟ. ದೊಡ್ಡ ಮಗ ಜೇಮ್ಸ್‌ಗೆ ಹದಿನಾರು ವರ್ಷ. ಹಿಂದೆ ಉಳಿದವರಿಂದ ಹಿಟ್ಟು, ಸಾಮಾನು ತರಲು ಅವನನ್ನು ಕಳಿಸಿದ್ದರು. ಅಕ್ಟೋಬರ್ 10ರ ಬೆಳಗಿನ ಜಾವ ಡೆಲವೇರ್, ಶಾನಿ, ಚೆರೊಕಿ ಜನರ ಒಂದು ಗುಂಪು ಆ ಹುಡುಗರ ಮೇಲೆ ಬಿತ್ತು. ಜೇಮ್ಸ್‌ನನ್ನೂ ಹೆನ್ರಿ ರಸೆಲ್ ಎಂಬ ಹುಡುಗನನ್ನೂ ಚಿತ್ರಹಿಂಸೆ ಕೊಟ್ಟು ಕೊಂದರು. ಆ್ಯಡಮ್ ಎಂಬ ಗುಲಾಮ ಹೊಳೆಯಲ್ಲಿ ತೇಲಿಬಂದ ಮರಗಳ ಮರೆಯಲ್ಲಿ ಅಡಗಿ ಅದನ್ನೆಲ್ಲ ಕಂಡ. ಬೂನ್ ಮುಂದಿನ ಬಿಡಾರ ಕಾಯಲು ನಿಂತ. ಬೂನ್‌ನ ತಮ್ಮ (ತಂದೆಯಂತೆ ಇವನ ಹೆಸರೂ ಸ್ಕ್ವೈರ್) ಹೆಣ ಮಣ್ಣು ಮಾಡಲು ಹೋದ. ಸುತ್ತುವುದಕ್ಕೆ ರೆಬೆಕ್ಕಾ ತನ್ನ ಹಾಸಿಗೆಯ ನಾರುಬಟ್ಟೆ ಕೊಟ್ಟು ಕಳಿಸಿದಳು. ಅಷ್ಟು ದೂರ ಹೊತ್ತು ತಂದ ಆ ಒಳ್ಳೆಯ ಬಟ್ಟೆ ಹೊಸ ಮನೆಗೆ ಅಂತ ಇಟ್ಟುಕೊಂಡದ್ದೇ ಇರಬೇಕು. ಬೂನ್ ಮುಂದಕ್ಕೆ ಹೋಗೋಣ ಎಂದರೂ ಉಳಿದವರು ಒಪ್ಪಲಿಲ್ಲ. ಎಲ್ಲರೂ ಹಿಂದಿರುಗಿದರು.

ಇನ್ನು ನೆಲದ ವ್ಯವಹಾರ. 1768ರ ಸ್ಟ್ಯಾನ್ವಿಕ್ಸ್ ಕೋಟೆಯ ಒಪ್ಪಂದದಲ್ಲಿ ಕೆಂಟಕಿಯ ಮೇಲಿನ ಹಕ್ಕನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟವರು ಇರೋಕ್ವಾ ಎಂಬ ಬೇರೆ ಮೂಲನಿವಾಸಿ ಜನ. ಅಲ್ಲಿ ಬೇಟೆಯಾಡುತ್ತಿದ್ದ ಶಾನಿ ಜನರ ಒಪ್ಪಿಗೆಯೇ ಇರಲಿಲ್ಲ. 1775ರ ಮಾರ್ಚ್‌ನಲ್ಲಿ ರಿಚರ್ಡ್ ಹೆಂಡರ್ಸನ್ ಎಂಬಾತ ಟ್ರಾನ್ಸಿಲ್ವೇನಿಯಾ ಕಂಪನಿ ಹೆಸರಿನಲ್ಲಿ ಚೆರೊಕಿ ಮುಖಂಡರಿಂದ ಅದೇ ನೆಲವನ್ನು ಮತ್ತೆ ಕೊಂಡ. ಚೆರೊಕಿಗಳಲ್ಲೇ ಡ್ರ್ಯಾಗಿಂಗ್ ಕನೂ ಎಂಬ ನಾಯಕ ಕಡುವಾಗಿ ವಿರೋಧಿಸಿದ. ಬೂನ್ ಹೆಂಡರ್ಸನ್‌ಗಾಗಿ ಸುಮಾರು ಮೂವತ್ತು ಜನ ಕೊಡಲಿಯವರನ್ನು ಕರೆದುಕೊಂಡು ಕಂಬರ್ಲೆಂಡ್ ಕಣಿವೆಯ ಮೂಲಕ ದಾರಿ ಕಡಿದ. ಕೊನೆಗೆ ಕೆಂಟಕಿ ನದಿ ದಡದಲ್ಲಿ ಬೂನ್ಸ್‌ಬರೊ ಕೋಟೆ ಎದ್ದಿತು. 1800ರ ಜನಗಣತಿಯಲ್ಲಿ ಕೆಂಟಕಿಯ ಜನಸಂಖ್ಯೆ ಎರಡು ಲಕ್ಷ ದಾಟಿತ್ತು. ಹೀಗಾಗಿ ‘ನೆಲ ಕಿತ್ತುಕೊಂಡವನು’ ಅನ್ನುವವರ ಮಾತನ್ನು ನಾನು ತಳ್ಳಿಹಾಕಲಾರೆ. ಶಾನಿ ಜನಕ್ಕೆ ಆ ದಾರಿಯಿಂದ ಆದ ನಷ್ಟದ ಮುಂದೆ ಬೂನ್ ಮನೆಯ ನಷ್ಟವೂ ಚಿಕ್ಕದೇ.

1776ರ ಜುಲೈನಲ್ಲಿ ಮಗಳು ಜೆಮೈಮಾ, ಕ್ಯಾಲವೇ ಮನೆಯ ಇಬ್ಬರು ಹುಡುಗಿಯರ ಜೊತೆ ನದಿಯಲ್ಲಿ ದೋಣಿಯಲ್ಲಿದ್ದಾಗ ಶಾನಿ ಮತ್ತು ಚೆರೊಕಿಗಳು ಹಿಡಿದುಕೊಂಡು ಹೋದರು. ಹುಡುಗಿಯರು ದಾರಿಯುದ್ದಕ್ಕೂ ಕಡ್ಡಿ ಮುರಿಯುತ್ತ, ಬಟ್ಟೆಯ ಚೂರು ಬೀಳಿಸುತ್ತ, ಹಿಮ್ಮಡಿ ಒತ್ತಿ ಗುರುತು ಮಾಡುತ್ತ ಹೋದರು. ಬೂನ್ ಮೂರನೇ ದಿನ ಅವರನ್ನು ಬಿಡಿಸಿ ತಂದ. ಈ ಜೆಮೈಮಾಳನ್ನು ನೆನಪಿಟ್ಟುಕೊಳ್ಳಿ.

ಈಗ ನೀವು ಕೇಳಿದ ದ್ರೋಹದ ಮಾತು. 1778ರ ಜನವರಿಯಲ್ಲಿ ಕೋಟೆಯಲ್ಲಿ ಉಪ್ಪು ಮುಗಿದಿತ್ತು. ಉಪ್ಪಿಲ್ಲದಿದ್ದರೆ ಮಾಂಸ ಕೆಡುತ್ತದೆ, ಮಾಂಸ ಕೆಟ್ಟರೆ ಉಪವಾಸ. ಬೂನ್ ಸುಮಾರು ಮೂವತ್ತು ಜನರನ್ನು ಕರೆದುಕೊಂಡು ಬ್ಲೂ ಲಿಕ್ಸ್ ಎಂಬ ಉಪ್ಪುನೀರಿನ ಬುಗ್ಗೆಗೆ ಹೋದ. ದೊಡ್ಡ ದೊಡ್ಡ ಕಡಾಯಿಗಳಲ್ಲಿ ಹಗಲೂ ರಾತ್ರಿ ನೀರು ಕುದಿಸುವ ಕೆಲಸ. ನೂರಾರು ಗ್ಯಾಲನ್ ಬತ್ತಿಸಿದರೂ ಕೈಗೆ ಬರುವ ಉಪ್ಪು ಕಡಿಮೆ. ಫೆಬ್ರವರಿ 7ರಂದು ಹಿಮದಲ್ಲಿ ಒಂಟಿಯಾಗಿ ಬೇಟೆಗೆ ಹೋದ ಬೂನ್ ಶಾನಿ ನಾಯಕ ಬ್ಲ್ಯಾಕ್‌ಫಿಶ್‌ನ ಜನರ ಕೈಗೆ ಸಿಕ್ಕ. ಅವರು ಹೊರಟದ್ದು ಬೂನ್ಸ್‌ಬರೊ ಮೇಲೆ ಬೀಳಲು. ಹಿಂದಿನ ನವೆಂಬರ್‌ನಲ್ಲಿ ಮಾತುಕತೆಗೆ ಬಂದ ಅವರ ಮುಖಂಡ ಕಾರ್ನ್‌ಸ್ಟಾಕ್‌ನನ್ನು ಅಮೆರಿಕನ್ ಸಿಪಾಯಿಗಳು ಬೇರೊಂದು ಕೋಟೆಯೊಳಗೇ ಕೊಂದಿದ್ದರು. ಆ ಸಿಟ್ಟಿಗೆ ಕಾರಣವಿತ್ತು.

ಬೂನ್ಸ್‌ಬರೊ ಕೋಟೆಯಲ್ಲಿ ಆಗ ಕಾವಲಿಗೆ ಗಂಡಸರು ಕಡಿಮೆ, ಗೋಡೆಯೂ ಪೂರ್ತಿ ಎದ್ದಿರಲಿಲ್ಲ. ಒಳಗಿದ್ದವರು ರೆಬೆಕ್ಕಾ, ಮಕ್ಕಳು, ಉಳಿದ ಹೆಂಗಸರು. ಬೂನ್ ಒಂದು ವ್ಯವಹಾರ ಕುದುರಿಸಿದ. ಉಪ್ಪಿನವರನ್ನು ನಾನೇ ಶರಣಾಗಿಸುತ್ತೇನೆ, ಕೋಟೆಯವರನ್ನು ಚಳಿ ಕಳೆದ ಮೇಲೆ ನಾನೇ ಕರೆತರುತ್ತೇನೆ, ಈಗ ಹೋಗಬೇಡಿ ಎಂದ. ಅವನ ಮಾತಿನ ಮೇಲೆ ಅವನ ಜನ ಬಂದೂಕು ಕೆಳಗಿಟ್ಟರು. ಆದರೆ ಅವರನ್ನು ಕೊಲ್ಲಬೇಕೋ ಬಿಡಬೇಕೋ ಎಂದು ಶಾನಿ ಯೋಧರು ಮತ ಹಾಕಿದರು. ಜೊತೆಗಿದ್ದ ಬಂದಿಯೊಬ್ಬ ಮುಂದೆ ಹೇಳಿದ ಪ್ರಕಾರ ಕೊಲ್ಲಿ ಎಂದವರು 59, ಬೇಡ ಎಂದವರು 61. ಎರಡು ಮತ, ಅಷ್ಟೇ.

ಬ್ಲ್ಯಾಕ್‌ಫಿಶ್ ಬೂನ್‌ನನ್ನು ದತ್ತು ತೆಗೆದುಕೊಂಡು ಶೆಲ್ಟೊವಿ ಎಂದು ಹೆಸರಿಟ್ಟ. ಬೂನ್ ಅಲ್ಲಿ ಮಗನಂತೆ ನಾಲ್ಕು ತಿಂಗಳು ಇದ್ದ. ಜೂನ್ 16ರಂದು, ಕೋಟೆ ಮೇಲೆ ದಾಳಿಗೆ ಸಿದ್ಧತೆ ನಡೆದದ್ದು ನೋಡಿ ತಪ್ಪಿಸಿಕೊಂಡ. 160 ಮೈಲಿಯನ್ನು ಕೆಲವೇ ದಿನಗಳಲ್ಲಿ ದಾಟಿದ. ಕುದುರೆ ಸುಸ್ತಾಗಿ ಬಿದ್ದ ಮೇಲೆ ಓಡಿದ. ಬಂದು ನೋಡಿದರೆ ರೆಬೆಕ್ಕಾ ಇರಲಿಲ್ಲ. ಗಂಡ ಸತ್ತ ಅಂತಲೇ ತಿಳಿದು ಮಕ್ಕಳನ್ನು ಕಟ್ಟಿಕೊಂಡು ಬೆಟ್ಟ ದಾಟಿ ತವರಿಗೆ ಹೋಗಿದ್ದಳು. ಅಪ್ಪ ಬಂದೇ ಬರುತ್ತಾನೆ ಅಂತ ಕೋಟೆಯಲ್ಲೇ ಉಳಿದವಳು ಜೆಮೈಮಾ ಒಬ್ಬಳೇ.

ಸೆಪ್ಟೆಂಬರ್‌ನಲ್ಲಿ ಬ್ಲ್ಯಾಕ್‌ಫಿಶ್ ನಾನೂರಕ್ಕೂ ಹೆಚ್ಚು ಜನರೊಂದಿಗೆ ಬಂದು ಮುತ್ತಿಗೆ ಹಾಕಿದ. ಕೋಟೆ ಉಳಿಯಿತು. ನದಿ ಕಡೆಯಿಂದ ಅವರು ತೋಡಿದ ಸುರಂಗ ಮಳೆಗೆ ಕುಸಿಯಿತು. ಆಮೇಲೆ ಕೋಟೆಯವರೇ ಬೂನ್‌ನನ್ನು ಸೈನಿಕ ವಿಚಾರಣೆಗೆ ನಿಲ್ಲಿಸಿದರು. ಆರೋಪ ತಂದವರಲ್ಲಿ ಒಬ್ಬ ರಿಚರ್ಡ್ ಕ್ಯಾಲವೇ. ಅವನ ಹೆಣ್ಣುಮಕ್ಕಳನ್ನೇ ಬೂನ್ ಬಿಡಿಸಿ ತಂದಿದ್ದ. ವಿಚಾರಣೆಯಲ್ಲಿ ಬೂನ್ ನಿರ್ದೋಷಿ ಎಂದಾಯಿತು, ಮೇಜರ್ ಪದವಿಗೂ ಏರಿಸಿದರು. ನನ್ನ ಅಭಿಪ್ರಾಯ ಕೇಳಿದರೆ, ಅದು ದ್ರೋಹವಲ್ಲ. ಉಪ್ಪಿನವರ ಸೆರೆಯನ್ನು ಕೊಟ್ಟು ಕೋಟೆಯ ಹೆಂಗಸರು ಮಕ್ಕಳ ಜೀವ ಉಳಿಸಿದ. ಆದರೆ ಆ ಸೆರೆಯಲ್ಲಿ ವರ್ಷಗಟ್ಟಲೆ ಕೊಳೆತವರ ಮನೆಯವರಿಗೆ ಈ ಲೆಕ್ಕ ಒಪ್ಪಿಗೆಯಾಗದೆ ಹೋದರೆ ಅದೂ ನ್ಯಾಯವೇ ಅಲ್ವಾ?

1782ರ ಆಗಸ್ಟ್ 19ರಂದು ಅದೇ ಬ್ಲೂ ಲಿಕ್ಸ್‌ನಲ್ಲಿ ಮೂಲನಿವಾಸಿಗಳೊಂದಿಗೆ ಇನ್ನೊಂದು ಕಾಳಗ. ಆಗ ಬೂನ್ ಲೆಫ್ಟಿನೆಂಟ್ ಕರ್ನಲ್. ಹೊಳೆ ದಾಟಬೇಡಿ, ಆಚೆ ಹೊಂಚು ಹಾಕಿದ್ದಾರೆ ಎಂದು ಎಚ್ಚರಿಸಿದ. ಕೆಲವರು ರೋಷದಲ್ಲಿ ಕುದುರೆ ನುಗ್ಗಿಸಿದರು, ಉಳಿದವರೂ ಹಿಂದೆ ಬಿದ್ದರು. ಕಾಲು ಗಂಟೆಯೊಳಗೆ ಎಲ್ಲ ಮುಗಿಯಿತು. 182 ಜನರಲ್ಲಿ ಎಪ್ಪತ್ತಕ್ಕೂ ಹೆಚ್ಚು ಸತ್ತರು. ಬೂನ್ ಒಂದು ಕುದುರೆ ಹಿಡಿದು ಮಗ ಇಸ್ರೇಲ್‌ಗೆ ಹತ್ತಿ ಹೋಗು ಎಂದ. ಅಪ್ಪನನ್ನು ಬಿಟ್ಟು ಹೋಗೋದಿಲ್ಲ ಎಂದ ಇಪ್ಪತ್ಮೂರರ ಆ ಹುಡುಗ ಅಲ್ಲೇ ಗುಂಡೇಟಿಗೆ ಬಿದ್ದ. ಮುದುಕನಾದ ಮೇಲೂ ಈ ದಿನದ ಮಾತು ಬಂದರೆ ಬೂನ್ ಅಳುತ್ತಿದ್ದನಂತೆ.

ಇಷ್ಟೆಲ್ಲ ಕಳೆದುಕೊಂಡು ಗಳಿಸಿದ ಜಮೀನು ಉಳಿಯಿತೇ? ಇಲ್ಲ. ಕೆಂಟಕಿ ಆಗ ವರ್ಜೀನಿಯಾಗೆ ಸೇರಿತ್ತು. ಅಂದಿನ ವರ್ಜೀನಿಯಾ ಕಾನೂನಿನಲ್ಲಿ ಮೊದಲು ವಾರಂಟ್ ಎಂಬ ಜಮೀನಿನ ಹಕ್ಕುಪತ್ರ ಕೊಳ್ಳಬೇಕು, ಜಾಗ ಬರೆಸಬೇಕು, ಸರ್ವೆ ಮಾಡಿಸಬೇಕು, ಆಮೇಲೆ ಪಟ್ಟಾ. ಚಕ್ಕುಬಂದಿ ಅಂದರೆ ಇಂಥ ಹೊಳೆಯಿಂದ ಇಂಥ ಗುರುತಿನ ಮರದವರೆಗೆ ಅಂತ. ಮರ ಬಿದ್ದರೆ ಗಡಿಯೂ ಹೋಯಿತು. ಒಂದೇ ತುಂಡು ನೆಲಕ್ಕೆ ಮೂರು ನಾಲ್ಕು ಜನ ಹಕ್ಕುದಾರರು. ಬೂನ್ ತಾನೇ ಸರ್ವೆ ಮಾಡುತ್ತಿದ್ದ, ಸಾವಿರಾರು ಎಕರೆಗೆ ಕೈ ಹಾಕಿದ್ದ, ಆದರೆ ಕಾಗದಪತ್ರದಲ್ಲಿ ಜಾಗ್ರತೆ ಸಾಲದು. 1780ರಲ್ಲಿ ವಾರಂಟ್ ಕೊಳ್ಳಲು ಜನ ನಂಬಿ ಕೊಟ್ಟಿದ್ದ ಸುಮಾರು 20 ಸಾವಿರ ಡಾಲರ್ ದಾರಿಯ ತಂಗುಮನೆಯಲ್ಲಿ ಕಳುವಾಯಿತು. ಕೆಲವರು ಮನ್ನಿಸಿದರು. ಉಳಿದವರಿಗೆ ವರ್ಷಗಟ್ಟಲೆ ತೀರಿಸಿದ. 1780ರ ದಶಕದಲ್ಲಿ ಸ್ವಲ್ಪ ಅನುಕೂಲವಾಗಿದ್ದಾಗ ಅವನ ಮನೆಯಲ್ಲಿ ಏಳು ಜನ ಗುಲಾಮರಿದ್ದರು. ಇದನ್ನೂ ಮುಚ್ಚಿಡಬಾರದು. 1798ರಲ್ಲಿ ಕೆಂಟಕಿ ಒಂದು ಕೌಂಟಿಗೆ ಅವನ ಹೆಸರಿಟ್ಟಿತು. ಅದೇ ವರ್ಷ, ಕೋರ್ಟಿಗೆ ಸಾಕ್ಷಿ ಹೇಳಲು ಬರಲಿಲ್ಲ ಎಂದು ಅವನ ಮೇಲೆ ಬಂಧನದ ವಾರಂಟ್ ಕೂಡ ಹೊರಟಿತು.

1799ರಲ್ಲಿ ಮಕ್ಕಳು ಮೊಮ್ಮಕ್ಕಳೊಂದಿಗೆ ಮಿಸೌರಿಗೆ ಹೋದ. ಆಗ ಅದು ಸ್ಪೇನ್ ಆಡಳಿತದಲ್ಲಿತ್ತು. ಅವರು ಜಮೀನು ಕೊಟ್ಟು, ಊರಿನ ನ್ಯಾಯ ತೀರ್ಮಾನದ ಕೆಲಸವನ್ನೂ ಕೊಟ್ಟರು. 1803ರಲ್ಲಿ ಆ ಸೀಮೆ ಅಮೆರಿಕಕ್ಕೆ ಸೇರಿತು. ಕಾಗದ ಸರಿಯಿಲ್ಲ ಅಂತ ಆ ನೆಲವೂ ಕೈಬಿಟ್ಟಿತು. 1814ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ 850 ಎಕರೆ ವಾಪಸ್ ಕೊಟ್ಟಾಗ ಬಹುಪಾಲು ಕೆಂಟಕಿಯ ಹಳೇ ಬಾಕಿಗೇ ಹೋಯಿತು. ಮಿಸೌರಿಗೆ ಬಂದ ಮೊದಲ ಐದಾರು ವರ್ಷದಲ್ಲೇ ಸುಸಾನಾ, ಲೆವಿನಾ, ರೆಬೆಕ್ಕಾ, ಮೂವರು ಹೆಣ್ಣುಮಕ್ಕಳು ತೀರಿಕೊಂಡಿದ್ದರು. ತಾಯಿ ರೆಬೆಕ್ಕಾ 1813ರ ವಸಂತದಲ್ಲಿ ಗಂಡನ ಜೊತೆ ಮೇಪಲ್ ಮರದ ರಸ ಕಾಯಿಸಿ ಸಕ್ಕರೆ ಮಾಡಲು ಹೋಗಿದ್ದಳು. ಎಪ್ಪತ್ನಾಲ್ಕು ವರ್ಷಕ್ಕೂ ಒಲೆ ಮುಂದೆ ಕೆಲಸ. ಅಲ್ಲೇ ಕಾಯಿಲೆ ಬಿದ್ದು ಮಾರ್ಚ್ 18ರಂದು ತೀರಿಕೊಂಡಳು.

ಬೂನ್ ಇನ್ನೂ ಏಳು ವರ್ಷ ಬದುಕಿದ. 1820ರಲ್ಲಿ ಚೆಸ್ಟರ್ ಹಾರ್ಡಿಂಗ್ ಎಂಬ ಚಿತ್ರಕಾರ ಹುಡುಕಿಕೊಂಡು ಹೋದಾಗ, ಮುದುಕ ಬೆಂಕಿ ಪಕ್ಕ ಮಲಗಿ, ಬಂದೂಕಿನ ಗಜಕ್ಕೆ ಜಿಂಕೆ ಮಾಂಸ ಸುತ್ತಿ, ಉಪ್ಪು ಮೆಣಸು ಉದುರಿಸುತ್ತ ಸುಡುತ್ತಿದ್ದ. ಬದುಕಿದ್ದಾಗ ಎದುರು ಕೂರಿಸಿ ಬರೆದ ಅವನ ಚಿತ್ರ ಅದೊಂದೇ. ಆ ಸೆಪ್ಟೆಂಬರ್ 26ರಂದು ಕಿರಿಯ ಮಗ ನೇಥನ್ ಮನೆಯಲ್ಲಿ, ಎಂಬತ್ತೈದರ ವಯಸ್ಸಿನಲ್ಲಿ ಸತ್ತ.

ಸಮಾಧಿಯ ಗೊಂದಲ ಹೀಗೆ. ಅವನನ್ನು ಮಿಸೌರಿಯಲ್ಲಿ ರೆಬೆಕ್ಕಾಳ ಪಕ್ಕದಲ್ಲೇ ಹೂಳಿದ್ದರು. 1845ರಲ್ಲಿ ಕೆಂಟಕಿಯವರು ಇಬ್ಬರ ಮೂಳೆಗಳನ್ನೂ ತೆಗೆದುಕೊಂಡು ಹೋಗಿ ತಮ್ಮ ರಾಜಧಾನಿ ಫ್ರ್ಯಾಂಕ್‌ಫರ್ಟ್‌ನ ಗುಡ್ಡದ ಮೇಲೆ ಇಟ್ಟರು. ಅವರು ಒಯ್ದದ್ದು ಬೂನ್ ಮೂಳೆ ಅಲ್ಲವೇ ಅಲ್ಲ ಎಂದು ಮಿಸೌರಿಯಲ್ಲಿ ಬಹಳ ಜನ ಇಂದಿಗೂ ಹೇಳುತ್ತಾರೆ. ನಿಮ್ಮ ಮಗಳಿಗೆ ಫ್ರ್ಯಾಂಕ್‌ಫರ್ಟ್ ಹತ್ತಿರ, ಅದನ್ನು ಹೇಗೂ ನೋಡುತ್ತಾರೆ. ರಜೆ ಜಾಸ್ತಿ ಸಿಕ್ಕರೆ ಮಿಸೌರಿಯ ಡಿಫೈಯನ್ಸ್ ಊರಿನ ಹತ್ತಿರ ನೇಥನ್‌ನ ಕಲ್ಲಿನ ಮನೆಗೂ ಹೋಗಿ ಬರಲಿ. ಬೂನ್ ಕೊನೆಯುಸಿರೆಳೆದ ಆ ಮನೆ ಈಗಲೂ ನಿಂತಿದೆ, ಒಳಗೆ ಹೋಗಿ ನೋಡಬಹುದು.