ಮೇಸ್ತ್ರಿಯ ಕೈಯ ಇಸುಬು ಬೇರೆ, ಹಿಮ್ಮಡಿಯ ಕಲೆ ಬೇರೆ

ಕೊಪ್ಪಳ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ ಇದು: ಅವರ ತಂದೆ 26 ವರ್ಷಗಳಿಂದ ಗಾರೆ ಮೇಸ್ತ್ರಿ. ಹತ್ತು ವರ್ಷಗಳಿಂದ ಎರಡೂ ಕೈಗಳು ತುರಿಸಿ, ಒಡೆದು, ನೀರು ಸೋರುತ್ತವೆ; ಅಂಗಡಿಯಲ್ಲಿ ಕೊಟ್ಟ ಮುಲಾಮಿನಿಂದ ನಾಲ್ಕು ದಿನ ಶಮನವಾಗಿ ಮತ್ತೆ ಮರುಕಳಿಸುತ್ತದೆ. ಎಂಟು ತಿಂಗಳಿಂದ ಬಲ ಹಿಮ್ಮಡಿಯಲ್ಲಿ ಕಪ್ಪು ಕಲೆಯೊಂದು ದೊಡ್ಡದಾಗುತ್ತಿದೆ. ಆಣಿ ಎಂದುಕೊಂಡು ಬ್ಲೇಡಿನಿಂದ ಹೆರೆದ ಮೇಲೆ ಅಲ್ಲಿ ಆಗಾಗ ರಕ್ತ ಒಸರುತ್ತಿದೆ. ನಮ್ಮ ಬೇಸಿಗೆ ಸಂಚಿಕೆಯಲ್ಲಿ ‘ಕಪ್ಪು ಮೈಬಣ್ಣದವರಿಗೆ ಚರ್ಮದ ಕ್ಯಾನ್ಸರಿನ ಭಯವಿಲ್ಲ’ ಎಂದು ಓದಿ ಮನೆಯವರು ಸುಮ್ಮನಿದ್ದರು. ಈಗ ಸಿಮೆಂಟಿನಿಂದಲೇ ಕ್ಯಾನ್ಸರ್ ಬರುತ್ತದೆಂದು ಯಾರೋ ಹೇಳಿದ್ದಾರೆ. ಯಾವುದನ್ನು ನಂಬಬೇಕೆಂದು ಅವರು ಕೇಳಿದ್ದಾರೆ.

ಮಾನ್ಯರೆ,

ಮೊದಲು ಕ್ಷಮೆ ಕೇಳುತ್ತೇನೆ. ಆ ವಾಕ್ಯ ತಪ್ಪು. ಅದನ್ನು ಹಾಗೆಯೇ ಅಚ್ಚಿಗೆ ಕಳುಹಿಸಿದ ಹೊಣೆ ನನ್ನದು. ನಾನು ವೈದ್ಯನಲ್ಲ, ತಿಳಿದದ್ದನ್ನಷ್ಟೇ ಬರೆಯಬಲ್ಲೆ. ಆದರೆ ಈ ಪತ್ರ ಓದಿ ಮುಗಿಸುವುದಕ್ಕೂ ಕಾಯದೆ ತಂದೆಯವರ ಹಿಮ್ಮಡಿಯನ್ನು ಚರ್ಮರೋಗ ತಜ್ಞರಿಗೆ ತೋರಿಸಲು ಹೊರಡಿ ಎಂದು ಕೇಳಿಕೊಳ್ಳುವುದಕ್ಕೆ ವೈದ್ಯನಾಗಿರಬೇಕಿಲ್ಲ.

ತಂದೆಯವರ ಮೈಮೇಲಿರುವುದು ಎರಡು ಬೇರೆ ಬೇರೆ ಸಂಗತಿಗಳು. ಕೈಗಳದ್ದು, ನೀವು ವಿವರಿಸಿದ ರೀತಿಯನ್ನು ನೋಡಿದರೆ, ಗಾರೆಯವರಲ್ಲಿ ಬಹಳ ಕಾಲದಿಂದ ಕಾಣುತ್ತಿರುವ ಸಿಮೆಂಟ್ ಇಸುಬು ಇರಬಹುದು. ಕಲಸಿದ ಸಿಮೆಂಟು ಸುಣ್ಣದಂತೆಯೇ ತೀವ್ರ ಕ್ಷಾರ. ಅದು ಚರ್ಮದ ಜಿಡ್ಡನ್ನು ತೆಗೆದು ಒಡಕು ಉಂಟುಮಾಡುತ್ತದೆ, ಆ ಒಡಕಿನ ಮೂಲಕ ಸಿಮೆಂಟಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಕ್ರೋಮಿಯಂ ಒಳಗಿಳಿಯುತ್ತದೆ, ಒಮ್ಮೆ ದೇಹವು ಕ್ರೋಮಿಯಂ ಜೊತೆ ಹಗೆ ಕಟ್ಟಿಕೊಂಡಿತೆಂದರೆ ಆಮೇಲೆ ಚಿಟಿಕೆಯಷ್ಟು ಸಿಮೆಂಟು ತಗುಲಿದರೂ ಕೈ ಕೆರಳುತ್ತದೆ. ಕ್ರೋಮಿಯಂ ಬಳಸಿ ಹದಮಾಡಿದ ಚರ್ಮದ ಚಪ್ಪಲಿಯಿಂದಲೂ ಇಂಥವರ ಪಾದದಲ್ಲಿ ತುರಿಕೆ ಏಳಬಹುದು. ಕೆಲಸಕ್ಕೆ ಹೋಗದ ದಿನವೂ ಏಕೆ ತುರಿಸುತ್ತದೆಂದು ಎಷ್ಟೋ ಮೇಸ್ತ್ರಿಗಳಿಗೆ ಅರ್ಥವಾಗದಿರುವುದಕ್ಕೆ ಇದೂ ಒಂದು ಕಾರಣ. ಬೆನ್ನಿಗೆ ಎರಡು ದಿನ ಪಟ್ಟಿ ಅಂಟಿಸಿ ನೋಡುವ ಪ್ಯಾಚ್ ಪರೀಕ್ಷೆಯಿಂದ ಇದು ಖಚಿತವಾಗುತ್ತದೆ. ಸಿಮೆಂಟಿಗೆ ಫೆರಸ್ ಸಲ್ಫೇಟ್ ಬೆರೆಸಿ ಈ ಕ್ರೋಮಿಯಂ ಅನ್ನು ನಿರುಪದ್ರವಿಯಾಗಿಸಬಹುದೆಂದು ತಿಳಿದು ಡೆನ್ಮಾರ್ಕ್ 1980ರ ದಶಕದಲ್ಲಿಯೇ ಮಿತಿ ಹಾಕಿತು. 2005ರಿಂದ ಐರೋಪ್ಯ ಒಕ್ಕೂಟದಲ್ಲೆಲ್ಲ ಹತ್ತು ಲಕ್ಷದಲ್ಲಿ 2 ಭಾಗವೆಂಬ ಮಿತಿ ಜಾರಿಯಲ್ಲಿದೆ. ನಮ್ಮ ಮೇಸ್ತ್ರಿಗಳ ಕೈಗಳಿಗೂ ಅಂಥ ರಕ್ಷಣೆ ಸಿಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಅಂಗಡಿಯ ಮುಲಾಮಿನಲ್ಲಿ ಸ್ಟಿರಾಯ್ಡ್ ಇರುವ ಸಂಭವ ಹೆಚ್ಚು. ಹತ್ತು ವರ್ಷ ಅದನ್ನೇ ಹಚ್ಚಿದರೆ ಚರ್ಮ ತೆಳುವಾಗಿ, ನಡುವೆ ಹುಳುಕಡ್ಡಿ ಸೇರಿಕೊಂಡಿದ್ದರೆ ಅದು ಗುರುತು ಮರೆಸಿಕೊಂಡು ಹರಡುತ್ತದೆ. ಆ ಟ್ಯೂಬನ್ನು ವೈದ್ಯರ ಬಳಿಗೆ ತಪ್ಪದೆ ಒಯ್ಯಿರಿ.

ಆದರೆ ಈ ಇಸುಬು ಕ್ಯಾನ್ಸರಾಗಿ ಮಾರ್ಪಡುವ ರೋಗವಲ್ಲ. ಕ್ರೋಮಿಯಂ ಕ್ಯಾನ್ಸರ್‌ಕಾರಕವೆಂದು ಹೇಳಿದವರು ಸುಳ್ಳು ಹೇಳಿಲ್ಲ. ಆದರೆ ಆ ಮಾತು ಮುಖ್ಯವಾಗಿ ಕಾರ್ಖಾನೆಗಳಲ್ಲಿ ಅದನ್ನು ಉಸಿರಾಡುವವರ ಶ್ವಾಸಕೋಶಕ್ಕೆ ಸಂಬಂಧಿಸಿದ್ದು. ಕೆಲಸದಿಂದ ಚರ್ಮದ ಕ್ಯಾನ್ಸರ್ ಬರುವುದು ಮಾತ್ರ ನಿಜ: 1775ರಲ್ಲಿಯೇ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಹೊಗೆಗೂಡು ಗುಡಿಸುವವರ ವೃಷಣಚೀಲದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ಬರೆದಿದ್ದ. ಕಲ್ಲಿದ್ದಲ ಟಾರು, ಕೆಲವು ಖನಿಜ ತೈಲಗಳು, ಆರ್ಸೆನಿಕ್, ಬಿಸಿಲು ಇವೆಲ್ಲ ಆ ಸಾಲಿಗೆ ಸೇರಿದವು. ನಮ್ಮ 1948ರ ಕಾರ್ಖಾನೆ ಕಾಯ್ದೆಯೂ ಚರ್ಮದ ಕ್ಯಾನ್ಸರನ್ನು ವರದಿ ಮಾಡಲೇಬೇಕಾದ ವೃತ್ತಿರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು.

ಇನ್ನು ಹಿಮ್ಮಡಿಯ ವಿಷಯ. ಮೈಬಣ್ಣ ನಮ್ಮನ್ನು ಬಿಸಿಲಿನ ಕ್ಯಾನ್ಸರಿನಿಂದ ಬಹುಮಟ್ಟಿಗೆ ಕಾಯುತ್ತದೆ. ಆದರೆ ಮೆಲನೋಮ ಎಂಬ ಅಪಾಯಕಾರಿ ಕ್ಯಾನ್ಸರ್ ನಮ್ಮಂಥವರಲ್ಲಿ ಬಂದರೆ ಹೆಚ್ಚಾಗಿ ಬಿಸಿಲೇ ಬೀಳದ ಅಂಗಾಲು, ಅಂಗೈ ಮತ್ತು ಉಗುರಿನ ಅಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳಿನ ಉಗುರಿನಡಿ ಪತ್ತೆಯಾದದ್ದು ಇದೇ. ಅದನ್ನು ಮೊದಲು ಫುಟ್‌ಬಾಲ್ ಆಟದ ಗಾಯವೆಂದು ಭಾವಿಸಲಾಗಿತ್ತು, 1981ರಲ್ಲಿ 36ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆಣಿಯೆಂದೋ ಮುಳ್ಳು ಚುಚ್ಚಿದ ಕಲೆಯೆಂದೋ ತಳ್ಳಿಹಾಕುವುದರಿಂದಲೇ ನಮ್ಮಲ್ಲಿ ಇದು ತಡವಾಗಿ ಗೊತ್ತಾಗುತ್ತದೆ. ಅಂಚು ವಕ್ರವಾಗಿರುವುದು, ಒಂದೇ ಕಲೆಯಲ್ಲಿ ಎರಡು ಮೂರು ಬಣ್ಣಗಳಿರುವುದು, ತಿಂಗಳಿಂದ ತಿಂಗಳಿಗೆ ಬೆಳೆಯುವುದು, ತಾನಾಗಿ ರಕ್ತ ಒಸರುವುದು, ಉಗುರಿನ ಕಪ್ಪು ಗೆರೆ ಪಕ್ಕದ ಚರ್ಮಕ್ಕೂ ಹಬ್ಬುವುದು ಎಚ್ಚರಿಕೆಯ ಗುರುತುಗಳು. ಹಳೆಯ ಸುಟ್ಟ ಗಾಯದ ಕಲೆಯ ಮೇಲೆ ಎದ್ದು ಮಾಯದ ಹುಣ್ಣನ್ನೂ ಹೀಗೆಯೇ ಅನುಮಾನಿಸಬೇಕು. ಅಲ್ಲಿ ಹುಟ್ಟುವುದು ಬೇರೆ ಬಗೆಯ ಕ್ಯಾನ್ಸರ್.

ನಿಮ್ಮ ತಂದೆಯವರದ್ದು ಅದೇ ಎಂದು ನಾನು ಹೇಳುತ್ತಿಲ್ಲ. ಬರಿಗಣ್ಣಿನಿಂದ ಯಾರೂ ಹೇಳಲಾರರು. ಸ್ಥಳಕ್ಕೆ ಮರಗಟ್ಟುವ ಸೂಜಿ ಕೊಟ್ಟು ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ತಿಳಿಯುತ್ತದೆ. ‘ಕತ್ತರಿ ತಾಗಿಸಿದರೆ ಹರಡುತ್ತದೆ’ ಎಂಬ ಮಾತು ಊರಲ್ಲಿ ಖಂಡಿತ ಕಿವಿಗೆ ಬೀಳುತ್ತದೆ. ಬಯಾಪ್ಸಿಯಿಂದ ಕ್ಯಾನ್ಸರ್ ಹರಡುತ್ತದೆಂದು ಹೆದರಿ ತಡಮಾಡುವುದಕ್ಕೆ ಯಾವ ಆಧಾರವೂ ಇಲ್ಲ. ಮೆಲನೋಮ ಎಷ್ಟು ತೆಳುವಾಗಿರುವಾಗ ಸಿಕ್ಕುತ್ತದೋ ಗುಣವಾಗುವ ಸಾಧ್ಯತೆ ಅಷ್ಟು ಹೆಚ್ಚು, ಆ ದಪ್ಪವನ್ನು ವೈದ್ಯರು ಮಿಲಿಮೀಟರಿನ ಲೆಕ್ಕದಲ್ಲಿ ಅಳೆಯುತ್ತಾರೆ. ಪರೀಕ್ಷೆಗೆ ಕಳುಹಿಸದೆ ಕಲೆಯನ್ನು ಸುಟ್ಟು ತೆಗೆಯುತ್ತೇವೆ ಎನ್ನುವವರಿಗೆ ಮಾತ್ರ ಒಪ್ಪಬೇಡಿ. ಇನ್ನು ಮುಂದೆ ಬ್ಲೇಡು ತಾಗಿಸಲೂ ಬೇಡಿ.

ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿಂದ ಆರಂಭಿಸಿ. ಅಗತ್ಯಬಿದ್ದರೆ ಅಲ್ಲಿಂದಲೇ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಚೀಟಿ ಕೇಳಬಹುದು. ತಂದೆಯವರ ಹೆಸರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿದ್ದರೆ ಲೇಬರ್ ಕಾರ್ಡನ್ನೂ ಜೊತೆಗಿಟ್ಟುಕೊಳ್ಳಿ, ಮಂಡಳಿಯ ವೈದ್ಯಕೀಯ ನೆರವಿನ ಬಗ್ಗೆ ವಿಚಾರಿಸಿ. ವೈದ್ಯರಿಗೆ 26 ವರ್ಷಗಳ ಕೆಲಸದ ವಿವರವನ್ನೂ ಬ್ಲೇಡಿನಿಂದ ಹೆರೆದದ್ದನ್ನೂ ಮುಚ್ಚಿಡದೆ ಹೇಳಿ. ವರದಿ ಬಂದ ಮೇಲೆ ನನಗೆ ಎರಡು ಸಾಲು ಬರೆದರೆ ಸಮಾಧಾನವಾಗುತ್ತದೆ. ಬೇಸಿಗೆ ಸಂಚಿಕೆಯ ಆ ವಾಕ್ಯಕ್ಕೆ ತಿದ್ದುಪಡಿಯನ್ನು ಮುಂದಿನ ಸಂಚಿಕೆಯಲ್ಲಿ, ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ