ಗಂಡು ಬೆಕ್ಕು ಟ್ರೇಯಲ್ಲಿ ಕೂತು ತಿಣುಕುತ್ತಿದ್ದರೆ

ಮೂರು ವರ್ಷದ ಗಂಡು ಬೆಕ್ಕು ಬೆಳಗ್ಗೆಯಿಂದ ಹತ್ತು ಸಲ ಟ್ರೇಗೆ (ಮಲಮೂತ್ರಕ್ಕೆ ಮರಳು ಹಾಕಿಟ್ಟ ತಟ್ಟೆಗೆ) ಹೋಗಿ ತಿಣುಕುತ್ತಿದೆ, ಏನೂ ಬರ್ತಿಲ್ಲ, ಹರಳೆಣ್ಣೆ ಕೊಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ. ಇದು ಮಲಬದ್ಧತೆಗಿಂತ ಮೂತ್ರನಾಳ ಕಟ್ಟಿರುವ ಲಕ್ಷಣ. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ತೀರಾ ಸಣ್ಣದು. ಮರಳಿನಂಥ ಹರಳು, ಲೋಳೆ ಸೇರಿ ಬಿರಡೆ ಹಾಕಿದ ಹಾಗೆ ಮುಚ್ಚಿಬಿಡುತ್ತದೆ.

ಈಗಲೇ ಟ್ರೇ ಕೆದಕಿ ನೋಡಿ. ಉಂಡೆಗಟ್ಟುವ ಮರಳಾದರೆ ದಿನಕ್ಕೆ ನಿಂಬೆಹಣ್ಣಿನಷ್ಟು ದಪ್ಪದ ಎರಡು-ಮೂರು ಮೂತ್ರದ ಉಂಡೆ ಸಿಗಬೇಕು. ಒಂದೂ ಇಲ್ಲ, ಅಥವಾ ಕಡಲೆಕಾಳಿನಷ್ಟೇ ಇದೆ, ಹಿಂಭಾಗ ನೆಕ್ಕುತ್ತಲೇ ಇದೆ ಅಂದರೆ ನಾಳೆವರೆಗೆ ಕಾಯಬೇಡಿ. 24ರಿಂದ 48 ಗಂಟೆಯೊಳಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಹೊಟ್ಟೆ ಒತ್ತಬೇಡಿ, ತುಂಬಿದ ಮೂತ್ರಕೋಶ ಒಡೆಯುವ ಅಪಾಯ ಇದೆ. ಡೋಲೋ, ಕ್ರೋಸಿನ್ ಬೇಡವೇ ಬೇಡ. ಅವುಗಳಲ್ಲಿರುವ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ.

ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಾಗಲಿ, ಹತ್ತಿರದ ಕ್ಲಿನಿಕ್ ಆಗಲಿ, ಹೊರಡುವ ಮೊದಲು ಫೋನ್ ಮಾಡಿ "ಗಂಡು ಬೆಕ್ಕಿಗೆ ಈಗ ಕ್ಯಾಥೆಟರ್ (ಮೂತ್ರ ಹೊರತೆಗೆಯುವ ಸಣ್ಣ ಕೊಳವೆ) ಹಾಕ್ತೀರಾ?" ಅಂತಲೇ ಕೇಳಿ. ನಮ್ಮ ಟ್ರಾಫಿಕ್‌ನಲ್ಲಿ ಎರಡನೇ ಕಡೆಗೆ ಓಡುವಷ್ಟು ಹೊತ್ತು ಅದಕ್ಕಿಲ್ಲ.

ಮನೆಗೆ ಬಂದ ಮೇಲೆ ಒಣ ಆಹಾರ ಕಡಿಮೆ ಮಾಡಿ, ಹಸಿ ಆಹಾರಕ್ಕೆ ಎರಡು ಚಮಚ ನೀರು ಬೆರೆಸಿ ಕೊಡಿ. ಮೊದಲ ವಾರ ಉಂಡೆಗಳನ್ನು ದಿನಾ ಎಣಿಸಿ. ಮತ್ತೆ ಕಟ್ಟಿಕೊಳ್ಳುವುದು ಹೆಚ್ಚಾಗಿ ಆಗಲೇ.